ಕಾರ್ಖಾನೆಯ ಸಮಸ್ಯೆಯನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ಯುವ ಬಗೆ

ಬೆಳಗಾವಿಯ ಫೌಂಡ್ರಿಗಳಿಂದ (ಲೋಹ ಎರಕದ ಕಾರ್ಖಾನೆಗಳಿಂದ) ಹಿಡಿದು ಬೆಂಗಳೂರಿನ ಪೀಣ್ಯದ ಯಂತ್ರಭಾಗ ಘಟಕಗಳವರೆಗೆ, ನಮ್ಮ ಸಣ್ಣ ಕೈಗಾರಿಕೆಗಳ ಆಸುಪಾಸಿನಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೂ ಇವೆರಡರ ನಡುವಿನ ಒಡಂಬಡಿಕೆಗಳಲ್ಲಿ ಅನೇಕವು ಸಹಿ, ಶಾಲು, ಗುಂಪು ಫೋಟೊಗಳಲ್ಲೇ ಮುಗಿದುಹೋಗುತ್ತವೆ. ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದು ನಿಶ್ಚಯವಾಗದೆ ಸಹಿ ಹಾಕುವುದೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಉದ್ಯಮಿಯು ಕಾಲೇಜಿನ ಬಾಗಿಲಿಗೆ ಹೋಗುವ ಮುನ್ನ ತನ್ನ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಬೇಕು.

‘ಗುಣಮಟ್ಟ ಸುಧಾರಿಸಬೇಕು’ ಎಂಬುದು ಪ್ರಶ್ನೆಯಲ್ಲ, ಹಾರೈಕೆ. ‘ಹಸಿ ಮರಳಿನ ಅಚ್ಚಿನಲ್ಲಿ ಎರೆದ ಪಂಪ್ ಕವಚಗಳಲ್ಲಿ ಮಳೆಗಾಲ ಬಂದೊಡನೆ ಬ್ಲೋಹೋಲ್ ಹೆಚ್ಚುವುದೇಕೆ?’ ಎಂಬುದು ಪ್ರಶ್ನೆ. ಮರಳಿನಲ್ಲಿ ನೀರಿನಂಶ ಹೆಚ್ಚಿದ್ದರೆ ಕರಗಿದ ಲೋಹ ತಾಗಿದೊಡನೆ ಅದು ಆವಿಯಾಗುತ್ತದೆ. ಮರಳಿನ ಕಣಗಳ ನಡುವೆ ಆ ಆವಿ ಹೊರಹೋಗಲು ಸಾಕಷ್ಟು ಜಾಗವಿಲ್ಲದಿದ್ದರೆ ಎರಕದೊಳಗೇ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಇಷ್ಟನ್ನು ಫೌಂಡ್ರಿಯ ಮೇಸ್ತ್ರಿಯೂ ಬಲ್ಲರು. ನಿಮ್ಮ ಮರಳಿನಲ್ಲಿ ತಪ್ಪು ನೀರಿನದೋ, ಮರಳಿನ ಕಣಗಳನ್ನು ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣಿನದೋ, ಮತ್ತೆ ಮತ್ತೆ ಬಳಸಿ ನುಣುಪಾದ ಪುಡಿಯದೋ ಎಂದು ಬೇರ್ಪಡಿಸಿ ಹೇಳುವ ಕೆಲಸ ಪ್ರಯೋಗಾಲಯದ್ದು. ಅದಕ್ಕಾಗಿ ಪಾಳಿವಾರು ತಿರಸ್ಕೃತ ಎರಕಗಳ ಲೆಕ್ಕ, ದಿನದಿನದ ಮರಳಿನ ತೇವಾಂಶ, ಲೋಹ ಎರೆದಾಗಿನ ಉಷ್ಣತೆ ಇವುಗಳ ದಾಖಲೆ ಬೇಕು. ಕೆಟ್ಟ ಎರಕಗಳು ಸಾಮಾನ್ಯವಾಗಿ ಮರುದಿನವೇ ಕುಲುಮೆಗೆ ಮರಳುವುದರಿಂದ, ಕೆಲವನ್ನಾದರೂ ದಿನಾಂಕ ಬರೆದು ಎತ್ತಿಡಬೇಕು. ಸಾಕ್ಷಿಯನ್ನೇ ಕರಗಿಸಿಬಿಟ್ಟ ಮೇಲೆ ಯಾವ ಪ್ರಾಧ್ಯಾಪಕರೂ ಏನೂ ಮಾಡಲಾರರು.

ಅನಂತರ ಸಂಸ್ಥೆಯ ಹೆಸರಿಗಿಂತ ವ್ಯಕ್ತಿಯನ್ನು ಹುಡುಕುವುದು ಮೇಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದ್ಯಮಗಳಿಗೆ ಸಲಹೆ ನೀಡಲೆಂದೇ 1975ರಲ್ಲಿ ಕೇಂದ್ರವೊಂದು ಆರಂಭವಾಯಿತು. ಹೊಸ ಮಿಶ್ರಲೋಹದಂಥ ಆಳವಾದ ಸಂಶೋಧನೆಗೆ ಅಂಥ ಕಡೆ ಹೋಗುವುದು ಸರಿ. ಮರಳಿನ ಸಮಸ್ಯೆಗಾದರೋ ಕಾರ್ಖಾನೆಗೆ ವಾರಕ್ಕೊಮ್ಮೆ ಬಂದುಹೋಗಬಲ್ಲ ಹತ್ತಿರದ ಅಧ್ಯಾಪಕರೇ ಹೆಚ್ಚು ಉಪಯುಕ್ತರು. ಅವರ ವಿಭಾಗದಲ್ಲಿ ಬೇಕಾದ ಪರೀಕ್ಷಾ ಉಪಕರಣ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಿ ಬರಬೇಕು.

ಕೆಲಸವನ್ನು ಯಾವ ರೂಪದಲ್ಲಿ ಒಪ್ಪಿಸಬೇಕೆಂಬುದು ಅವಸರವನ್ನು ಅವಲಂಬಿಸಿದೆ. ಗ್ರಾಹಕರು ಈ ತಿಂಗಳೇ ಉತ್ತರ ಕೇಳುತ್ತಿದ್ದರೆ ಶುಲ್ಕ ಕೊಟ್ಟು ಸಲಹಾಸೇವೆ ಪಡೆಯಿರಿ. ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟಿಗೆ ಅದನ್ನು ಕೊಡಬೇಡಿ. ಆಂತರಿಕ ಪರೀಕ್ಷೆ, ಸೆಮಿಸ್ಟರ್ ಪರೀಕ್ಷೆ, ರಜೆ ಎಂದು ಅವರ ವರ್ಷ ಬೇರೆಯೇ ಲಯದಲ್ಲಿ ಸಾಗುತ್ತದೆ.

ಕರಾರುಪತ್ರ ನಾಲ್ಕೈದು ಪುಟ ಇದ್ದರೆ ಸಾಕು, ಆದರೆ ಮೂರು ಸಂಗತಿಗಳು ಅದರಲ್ಲಿ ಇರಲೇಬೇಕು: ಮೊದಲಿನಿಂದ ಯಾರ ಬಳಿ ಯಾವ ಜ್ಞಾನವಿತ್ತು, ಹೊಸದಾಗಿ ಹುಟ್ಟಿದ್ದರ ಒಡೆತನ ಯಾರದು, ಮತ್ತು ಪ್ರಬಂಧ ಪ್ರಕಟಣೆ ಯಾವಾಗ. ಜಗಳ ಹೆಚ್ಚಾಗಿ ಹುಟ್ಟುವುದು ಮೂರನೆಯದರಲ್ಲಿ. ಅಧ್ಯಾಪಕರಿಗೆ ಬಡ್ತಿಗೆ ಪ್ರಬಂಧ ಬೇಕು, ಉದ್ಯಮಿಗೆ ಗುಟ್ಟು ಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಪೇಟೆಂಟ್ ಅರ್ಜಿಗೆ ಮೊದಲೇ ವಿಷಯ ಪ್ರಕಟವಾದರೆ, ಕೆಲವು ವಿನಾಯಿತಿಗಳ ಹೊರತು, ಹೊಸತನದ ಹಕ್ಕು ಕಳೆದುಹೋಗುತ್ತದೆ. ಆದ್ದರಿಂದ ಕರಡನ್ನು ಮೊದಲು ಕಂಪನಿಗೆ ತೋರಿಸಬೇಕು, ಕಂಪನಿ ನಿಗದಿತ ದಿನಗಳೊಳಗೆ ಉತ್ತರಿಸಬೇಕು ಎಂದು ಬರೆದುಕೊಳ್ಳಿ. ಅಗತ್ಯವಿದ್ದರೆ ತಾತ್ಕಾಲಿಕ ಅರ್ಜಿ ಸಲ್ಲಿಸಿ, ಪೂರ್ಣ ಅರ್ಜಿಗೆ 12 ತಿಂಗಳ ಅವಕಾಶ ಪಡೆಯಬಹುದು.

ಇಬ್ಬರ ನಡುವೆ ನಿತ್ಯ ಓಡಾಡುವ ಒಬ್ಬರು ಇಲ್ಲದಿದ್ದರೆ ಇಷ್ಟೆಲ್ಲವೂ ಕಾಗದದಲ್ಲೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ 1975ರಲ್ಲಿ ಆರಂಭವಾಗಿ 2003ರಿಂದ ‘ನಾಲೆಡ್ಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಷಿಪ್’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಯೋಜನೆಯ ಜೀವಾಳ ಇದೇ: ವಿಶ್ವವಿದ್ಯಾಲಯ ನೇಮಿಸಿದ ಪದವೀಧರರೊಬ್ಬರು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಕಂಪನಿಯಲ್ಲೇ ಕುಳಿತು ಕೆಲಸ ಮಾಡುತ್ತಾರೆ. ನಮ್ಮಲ್ಲಿ ಅದೇ ಕಾಲೇಜಿನಿಂದ ಬಂದ ಪದವೀಧರ ಅಪ್ರೆಂಟಿಸ್ ಒಬ್ಬರಿಗೆ ಈ ಹೊಣೆ ಒಪ್ಪಿಸಬಹುದು. ನಿಗದಿತ ಕನಿಷ್ಠ ಸ್ಟೈಪೆಂಡಿನ ಅರ್ಧಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ.

ಕಾರ್ಖಾನೆಯಿಂದ ತರಗತಿಗೆ ಹೋಗುವ ದಾರಿಯೂ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ, ಸಾಧ್ಯವಾದರೆ ಹಿರಿಯ ಮಟ್ಟದಲ್ಲಿ, ದುಡಿದ ಪರಿಣತರನ್ನು, ಪಿಎಚ್‌ಡಿ ಇಲ್ಲದಿದ್ದರೂ, ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂದು ನೇಮಿಸಿಕೊಳ್ಳಬಹುದು.

ಕೊನೆಯ ಕಂತಿನ ಹಣವನ್ನು ವರದಿ ಕೈಸೇರಿದ ದಿನವೇ ಕೊಡುವ ಕರಾರು ಮಾಡಿಕೊಳ್ಳಬೇಡಿ. ಮರಳು ಪರೀಕ್ಷೆಯ ವಿಧಾನವನ್ನು ಮಿಕ್ಸರ್ ನಡೆಸುವವರು ಓದಬಲ್ಲ ಕನ್ನಡದಲ್ಲೋ ಮರಾಠಿಯಲ್ಲೋ ಬರೆಸಿ, ಅಧ್ಯಾಪಕರು ದೂರ ನಿಂತಿರುವಾಗ ಕೆಲಸಗಾರರೇ ಅದನ್ನು ಮಾಡಿ ತೋರಿಸಿದ ಮೇಲೆ ಕೊಡುವುದೆಂದು ಬರೆದುಕೊಳ್ಳಿ. ಮುಂದಿನ ಮಳೆಗಾಲದ ತಿರಸ್ಕೃತ ಎರಕಗಳ ಲೆಕ್ಕವನ್ನೂ ಅಧ್ಯಾಪಕರಿಗೆ ತಪ್ಪದೆ ಕಳುಹಿಸಿ.