ಗೋದಾಮಿನ ಕಂಬಕ್ಕೆ ಕ್ಲೌಡ್ ಲಂಗರು: ನನ್ನ ಅನುಭವ

ಪೀಣ್ಯದ ಒಂದು ಬಿಡಿಭಾಗಗಳ ಗೋದಾಮಿನಲ್ಲಿ ನಮ್ಮ ಎಆರ್ (ಕ್ಯಾಮೆರಾದ ದೃಶ್ಯದ ಮೇಲೆ ಗುರುತುಗಳನ್ನು ತೇಲಿಸುವ) ಆ್ಯಪ್ ಸುಮಾರು ಎಂಟು ತಿಂಗಳಿಂದ ದಿನವೂ ಬಳಕೆಯಲ್ಲಿದೆ. ಹೊಸದಾಗಿ ಸೇರಿದ ಹುಡುಗ ಫೋನನ್ನು ಎತ್ತಿ ಹಿಡಿದರೆ ಸಾಕು, ಬೇಕಾದ ಬೇರಿಂಗ್ ಯಾವ ಸಾಲಿನ ಯಾವ ಖಾನೆಯಲ್ಲಿದೆ ಎಂಬುದನ್ನು ಹಸಿರು ಬಾಣವೊಂದು ತೋರಿಸುತ್ತದೆ. ನಿನ್ನೆ ಒಬ್ಬನ ಫೋನಿನಲ್ಲಿ ಇಟ್ಟ ಗುರುತು ಇಂದು ಇನ್ನೊಬ್ಬನ ಫೋನಿನಲ್ಲಿ ಅದೇ ಜಾಗದಲ್ಲಿ ಕಾಣಿಸುತ್ತದೆ. ನಾನು ಇದಕ್ಕೆ ಕೈಹಾಕಿದಾಗ ಮಿತ್ರರಲ್ಲಿ ಯಾರೊಬ್ಬರೂ ಒಪ್ಪಿರಲಿಲ್ಲ. ಖಾನೆಗೊಂದು ಕ್ಯೂಆರ್ ಚೀಟಿ ಅಂಟಿಸಿ ಸುಮ್ಮನಿರು ಎಂದವರೇ ಹೆಚ್ಚು. 2024ರ ನವೆಂಬರ್ 20ರಂದು ಇಂಥದ್ದೇ ಕೆಲಸ ಮಾಡುತ್ತಿದ್ದ ಮೈಕ್ರೋಸಾಫ್ಟ್‌ನ ಅಜೂರ್ ಸ್ಪೇಷಿಯಲ್ ಆ್ಯಂಕರ್ಸ್ ಸೇವೆ ನಿಂತಿದ್ದರಿಂದ ಅವರ ಮಾತಿಗೆ ಬಲವೂ ಬಂದಿತ್ತು. ನಾನು ಗೂಗಲ್‌ನ ಎಆರ್ ತಂತ್ರಾಂಶವಾದ ಎಆರ್‌ಕೋರ್‌ನ ಕ್ಲೌಡ್ ಆ್ಯಂಕರ್‌ಗಳನ್ನೇ, ಅಂದರೆ ಒಂದು ಜಾಗದ ಗುರುತನ್ನು ಸರ್ವರಿನಲ್ಲಿ ಉಳಿಸಿ ಬೇರೆ ಫೋನಿಗೂ ತೋರಿಸುವ ಲಂಗರುಗಳನ್ನೇ, ಹಿಡಿದೆ. ಹುಡುಗರ ಕೈಯಲ್ಲಿದ್ದದ್ದೆಲ್ಲ ಆಂಡ್ರಾಯ್ಡ್ ಫೋನುಗಳಾದ್ದರಿಂದ ಬೇರೆ ಆಯ್ಕೆಯೂ ಅಷ್ಟಾಗಿ ಇರಲಿಲ್ಲ.

ಮೊದಲ ಪ್ರದರ್ಶನದ ದಿನವೇ ಮುಖಭಂಗವಾಯಿತು. ಶುಕ್ರವಾರ ಬೆಳಿಗ್ಗೆಯೆಲ್ಲ ಕುಳಿತು ನಲವತ್ತರಷ್ಟು ಆ್ಯಂಕರ್‌ಗಳನ್ನು ಹೋಸ್ಟ್ ಮಾಡಿ (ಸರ್ವರಿಗೆ ಏರಿಸಿ), ಎಲ್ಲವೂ ರೆಸಾಲ್ವ್ ಆಗುವುದನ್ನು (ಫೋನಿನಲ್ಲಿ ಮತ್ತೆ ಸಿಗುವುದನ್ನು) ಕಣ್ಣಾರೆ ಕಂಡು ಮನೆಗೆ ಹೋಗಿದ್ದೆ. ಶನಿವಾರ ಮಧ್ಯಾಹ್ನ ಮಾಲೀಕರು ತಮ್ಮ ಭಾವನನ್ನೂ ಕರೆದುಕೊಂಡು ಬಂದು ನಿಂತಾಗ ಒಂದೂ ಕಾಣಿಸಲಿಲ್ಲ. ಬೆಳಕು ಕಡಿಮೆಯಾಯಿತೆಂದೆ, ನೆಟ್‌ವರ್ಕ್ ಸರಿಯಿಲ್ಲವೆಂದೆ, ವೈಫೈ ರೂಟರನ್ನು ಏಣಿ ಹತ್ತಿ ಸ್ಥಳಾಂತರಿಸಿದೆ. ಎರಡು ದಿನ ಕಳೆದ ಮೇಲೆ ನೆನಪಾಯಿತು: ಎಪಿಐ ಕೀ (ಸೇವೆಯನ್ನು ಬಳಸಲು ಆ್ಯಪ್ ತೋರಿಸುವ ಗುಪ್ತ ಸಂಕೇತ) ಬಳಸಿ ಹೋಸ್ಟ್ ಮಾಡಿದ ಆ್ಯಂಕರ್‌ನ ಆಯುಸ್ಸು ಹೆಚ್ಚೆಂದರೆ ಒಂದು ದಿನ. ಇದನ್ನು ಎಂದೋ ಓದಿದ್ದೆ, ಪ್ರಯೋಗಾಲಯದ ಹುಮ್ಮಸ್ಸಿನಲ್ಲಿ ಮರೆತಿದ್ದೆ. 365 ದಿನ ಬೇಕೆಂದರೆ ಕೀ ಇಲ್ಲದ ದೃಢೀಕರಣಕ್ಕೆ, ಅಂದರೆ ಆ್ಯಪ್‌ನ ಸಹಿಯನ್ನೇ ನೋಡಿ ಅನುಮತಿ ಕೊಡುವ ವಿಧಾನಕ್ಕೆ, ಹೋಗಬೇಕು. ಅಲ್ಲಿಯೂ ಒಂದು ಎಡವಟ್ಟಾಯಿತು. ನನ್ನ ಲ್ಯಾಪ್‌ಟಾಪಿನಿಂದ ಹಾಕಿದ ಡಿಬಗ್ (ಪರೀಕ್ಷಾ) ಆವೃತ್ತಿ ಸರಿಯಾಗಿ ನಡೆಯುತ್ತಿತ್ತು, ಪ್ಲೇ ಸ್ಟೋರಿನಿಂದ ಇಳಿಸಿದ ಆವೃತ್ತಿಗೆ ಮಾತ್ರ ಅನುಮತಿ ಸಿಗುತ್ತಿರಲಿಲ್ಲ. ಪ್ಲೇ ಸ್ಟೋರ್ ತನ್ನದೇ ಕೀಯಿಂದ ಸಹಿ ಮಾಡುವುದರಿಂದ ಸಹಿಯ ಗುರುತಾದ ಎಸ್‌ಎಚ್‌ಎ-1 ಬೆರಳಚ್ಚು ಬೇರೆಯಾಗಿರುತ್ತದೆ, ಅದನ್ನೂ ಗೂಗಲ್ ಕ್ಲೌಡ್ ಕನ್ಸೋಲಿನಲ್ಲಿ ನೋಂದಾಯಿಸಬೇಕು ಎಂಬುದು ಹೊಳೆಯುವಷ್ಟರಲ್ಲಿ ಇನ್ನೊಂದು ವಾರ ಹೋಗಿತ್ತು.

ಆದರೆ ನಿಜವಾದ ಕಷ್ಟ ಗೋದಾಮಿನದೇ. ಹದಿನಾಲ್ಕು ಸಾಲುಗಳೂ ಅವಳಿಜವಳಿಗಳಂತೆ ಇವೆ. ಅದೇ ಬೂದುಬಣ್ಣದ ರ‍್ಯಾಕ್, ಅದೇ ನೀಲಿ ಡಬ್ಬಿ. ಮೂರನೆಯ ಸಾಲಿನ ಬಾಣ ಐದನೆಯ ಸಾಲಿನಲ್ಲಿ ಹೋಗಿ ಕುಳಿತದ್ದನ್ನು ನೋಡಿ ಮಾಲೀಕರು ನಕ್ಕದ್ದು ನನಗೆ ಇನ್ನೂ ಮರೆತಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಸರಕು ನಿಲ್ಲುವುದಿಲ್ಲ. ಸೋಮವಾರ ಡಬ್ಬಿಗಳ ಮೇಲೆ ಇಟ್ಟ ಆ್ಯಂಕರ್‌ಗೆ ಗುರುವಾರ ಆ ಡಬ್ಬಿಗಳೇ ಇರುತ್ತಿರಲಿಲ್ಲ. ತೇಲುವ ಮರದ ದಿಮ್ಮಿಗೆ ಲಂಗರು ಹಾಕಿ ದೋಣಿ ನಿಂತಿತೆಂದು ನಾನು ನಂಬಿದ್ದೆ. ಆ ಬಳಿಕ ಸರಕಿನ ಸಹವಾಸವನ್ನೇ ಬಿಟ್ಟು ಕಂಬಗಳನ್ನು ಹಿಡಿದೆ. ಒಂದೊಂದು ಸಾಲು ಸುಮಾರು 18 ಮೀಟರ್ ಉದ್ದವಿದೆ. ಆ್ಯಂಕರ್‌ನಿಂದ ಎಂಟು ಮೀಟರ್ ದಾಟಿದರೆ ಗುರುತು ಜಾರತೊಡಗುತ್ತದೆ. ಆದ್ದರಿಂದ ಸಾಲಿಗೆ ಎರಡು ಅಥವಾ ಮೂರು ಕಂಬಗಳನ್ನು ಆರಿಸಿಕೊಂಡು, ಪ್ರತಿ ಖಾನೆಯ ಸ್ಥಾನವನ್ನು ಹತ್ತಿರದ ಕಂಬದಿಂದ ಅಳೆದ ಅಂತರವಾಗಿ ಫೈರ್‌ಸ್ಟೋರ್ ಎಂಬ ಕ್ಲೌಡ್ ದತ್ತಸಂಚಯದಲ್ಲಿ ಬರೆದಿಟ್ಟೆ. ಕಂಬದ ಬಳಿ ತಪ್ಪು ಮೂರು ನಾಲ್ಕು ಸೆಂಟಿಮೀಟರ್, ಸಾಲಿನ ನಡುವೆ ಒಂದು ಗೇಣು. ಖಾನೆಯ ಅಗಲ 40 ಸೆಂಟಿಮೀಟರಿನಷ್ಟು ಇರುವುದರಿಂದ ಅಷ್ಟು ಸಾಕು.

ಬರಿಯ ಕಂಬಕ್ಕೆ ಮುಖವಿಲ್ಲ, ಬೂದುಬಣ್ಣದ ಮೈಯಲ್ಲಿ ಕ್ಯಾಮೆರಾ ಹಿಡಿಯಬಹುದಾದ ಗುರುತುಗಳೇ ಇಲ್ಲ. ಅದಕ್ಕಾಗಿ ಫ್ಲೆಕ್ಸ್ ಅಂಗಡಿಯಲ್ಲಿ ಚೌಕಳಿ ವಿನ್ಯಾಸದ ಹಾಳೆಗಳನ್ನು ಮಾಡಿಸಿದೆ. ನಾಲ್ಕು ಸಾವಿರ ರೂಪಾಯಿ ಮಣ್ಣುಪಾಲಾಯಿತು: ವಿನ್ಯಾಸ ಪುನರಾವರ್ತನೆಯಾಗುತ್ತಿತ್ತು, ಜೊತೆಗೆ ಹೊಳಪಿನ ಮೈಯಲ್ಲಿ ಟ್ಯೂಬ್‌ಲೈಟ್ ಪ್ರತಿಫಲಿಸುತ್ತಿತ್ತು. ಹೊಳಪಿಲ್ಲದ ಕಾಗದದಲ್ಲಿ, ಒಂದರಂತೆ ಇನ್ನೊಂದಿಲ್ಲದ ಚಿತ್ರಗಳನ್ನು ಮಾಡಿಸಿದ ಮೇಲೆ ಸಾಲು ತಪ್ಪುವುದು ನಿಂತಿತು. ಹಾಳೆಯೊಂದಕ್ಕೆ 180 ರೂಪಾಯಿ ಬಿದ್ದಿತೆಂದು ನೆನಪು. ಆ ಚಿತ್ರಗಳನ್ನು ಹೇಗೆ ತಯಾರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಮೂರು ತಿಂಗಳ ರಾತ್ರಿಗಳು ಖರ್ಚಾಗಿವೆ.

ಹೋಸ್ಟ್ ಮಾಡುವಾಗ ನಕ್ಷೆಯ ಗುಣಮಟ್ಟ ‘ಸಾಕಷ್ಟು’ ಎಂದು ಬಂದರೂ ನಾನು ಒಪ್ಪುವುದಿಲ್ಲ, ‘ಉತ್ತಮ’ ಎಂದು ಬರುವವರೆಗೆ ಕಂಬದ ಮೂರು ಕಡೆಯಿಂದ ನಿಧಾನವಾಗಿ ನಡೆಯುತ್ತೇನೆ. ಬೆಳಿಗ್ಗೆ ಷಟರ್ ತೆರೆದಾಗಿನ ಬೆಳಕಿಗೂ ಸಂಜೆಯ ಟ್ಯೂಬ್‌ಲೈಟಿಗೂ ಅಜಗಜಾಂತರವಿರುವುದರಿಂದ ಒಂದೇ ಕಂಬಕ್ಕೆ ಎರಡು ಆ್ಯಂಕರ್‌ಗಳಿವೆ. ಆ್ಯಪ್ ಎರಡನ್ನೂ ಕೇಳುತ್ತದೆ, ಮೊದಲು ಸಿಕ್ಕಿದ್ದನ್ನು ಉಳಿಸಿಕೊಂಡು ಇನ್ನೊಂದನ್ನು ರದ್ದು ಮಾಡುತ್ತದೆ. ಎರಡು ಕಂಬಗಳು ಒಂದೇ ಖಾನೆಯ ಬಗ್ಗೆ ಬೇರೆ ಬೇರೆ ಸಾಕ್ಷ್ಯ ಹೇಳಿದಾಗ ಯಾರನ್ನು ನಂಬಬೇಕೆಂಬ ಲೆಕ್ಕವೂ ನನ್ನ ಬಳಿಯೇ ಇರಲಿ.

ನಡುವೆ ಕೆಲವು ಚಪಲಗಳನ್ನೂ ತೀರಿಸಿಕೊಂಡೆ. ಗೂಗಲ್‌ನ ಬೀದಿಚಿತ್ರಗಳ (ಸ್ಟ್ರೀಟ್ ವ್ಯೂ) ನೆರವಿನಿಂದ ಜಾಗ ಗುರುತಿಸುವ ಜಿಯೋಸ್ಪೇಷಿಯಲ್ ಎಪಿಐಯನ್ನು ಅಂಗಳದಲ್ಲಿ ಪರೀಕ್ಷಿಸಿದೆ. ಸ್ಟ್ರೀಟ್ ವ್ಯೂ 2022ರಲ್ಲಿ ಬೆಂಗಳೂರಿಗೆ ಮರಳಿರುವುದರಿಂದ ಮುಖ್ಯರಸ್ತೆಯಲ್ಲಿ ಚೆನ್ನಾಗಿಯೇ ನಡೆಯಿತು, ತಗಡಿನ ಛಾವಣಿಯ ಕೆಳಗೆ ಕಾಲಿಟ್ಟೊಡನೆ ದಿಕ್ಕು ತಪ್ಪಿತು. ಮನೆಯ ಅಡುಗೆಕೋಣೆಯಲ್ಲಿ ಸಾಂಬಾರ ಡಬ್ಬಿಗಳಿಗೂ ಹೆಸರು ತೇಲಿಸಿದ್ದೆ. ಅಮ್ಮ ಡಬ್ಬಿಗಳನ್ನು ತೊಳೆದು ಬೇರೆ ಕ್ರಮದಲ್ಲಿ ಜೋಡಿಸಿದ ಮೇಲೆ ಮೆಂತ್ಯದ ನೆತ್ತಿಯ ಮೇಲೆ ಸಾಸಿವೆ ಎಂಬ ಹೆಸರು ತಿಂಗಳುಗಟ್ಟಲೆ ತೂಗಾಡಿತು.

ತಮ್ಮ ಸರಕಿನ ಚಿತ್ರಗಳು ಹೊರಗೆ ಹೋಗುತ್ತವೆಯೇ ಎಂದು ಮಾಲೀಕರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹೋಸ್ಟ್ ಮಾಡುವಾಗ ಕಳುಹಿಸಿದ ಮೂಲ ದೃಶ್ಯಮಾಹಿತಿಯನ್ನು ಏಳು ದಿನಗಳ ಬಳಿಕ ಅಳಿಸಲಾಗುತ್ತದೆ, ಉಳಿಯುವುದು ಬಿಂದುಗಳ ನಕ್ಷೆ ಮಾತ್ರ ಎಂದು ವಿವರಿಸಿ, ಲಿಖಿತವಾಗಿಯೂ ಕೊಟ್ಟೆ. ಆ್ಯಂಕರ್‌ಗಳ ಆಯುಸ್ಸನ್ನು ವಿಸ್ತರಿಸಲು ಸರ್ವಿಸ್ ಅಕೌಂಟ್ (ಪ್ರೋಗ್ರಾಮುಗಳಿಗೆಂದೇ ಇರುವ ಖಾತೆ) ಮೂಲಕ ಓಡುವ ಸಣ್ಣ ಸ್ಕ್ರಿಪ್ಟ್ ಭಾನುವಾರ ರಾತ್ರಿ ತನ್ನ ಕೆಲಸ ಮಾಡುತ್ತದೆ. ಕೊನೆಯ ಬಾರಿ ರೆಸಾಲ್ವ್ ಆದ ದಿನದಿಂದ 365 ದಿನ ದಾಟಿ ವಿಸ್ತರಿಸಲು ಬರುವುದಿಲ್ಲವಾದ್ದರಿಂದ, ವ್ಯಾಪಾರವಿಲ್ಲದ ಹನ್ನೆರಡನೆಯ ಸಾಲಿಗೆ ತಿಂಗಳಿಗೊಮ್ಮೆ ಒಬ್ಬ ಹುಡುಗನನ್ನು ಫೋನು ಹಿಡಿದು ಸುತ್ತಾಡಿ ಬರಲು ಕಳುಹಿಸುತ್ತೇವೆ.

ಹಣದ ವಿಷಯ. ನಾನು ಕೇಳಿದ್ದು 1.6 ಲಕ್ಷ, ಮುಂಗಡ ಬಂದದ್ದು 60 ಸಾವಿರ, ಉಳಿದದ್ದು ಮೂರು ಕಂತುಗಳಲ್ಲಿ ಬಂದಿತು. ಐದು ಫೋನುಗಳನ್ನು ತಲಾ 13 ಸಾವಿರ ಚಿಲ್ಲರೆಗೆ ನಾನೇ ಕೊಂಡೆ. ಅವುಗಳಲ್ಲಿ ಒಂದು ಎಆರ್‌ಕೋರ್ ಬೆಂಬಲಿತ ಪಟ್ಟಿಯಲ್ಲಿ ಇಲ್ಲವೆಂದು ಮನೆಗೆ ತಂದ ಮೇಲೆ ತಿಳಿಯಿತು, ಅದನ್ನು ಚಿಕ್ಕಪ್ಪನ ಮಗನಿಗೆ ನಷ್ಟಕ್ಕೆ ದಾಟಿಸಿದೆ. ಫೈರ್‌ಸ್ಟೋರಿನ ಖರ್ಚು ಇಂದಿಗೂ ತಿಂಗಳಿಗೆ ನೂರು ರೂಪಾಯಿ ಮುಟ್ಟಿಲ್ಲ. ಹೊಸ ಹುಡುಗನೊಬ್ಬ ಮೊದಲು ಒಂದು ವಸ್ತು ಹುಡುಕಲು ಏಳೆಂಟು ನಿಮಿಷ ತೆಗೆದುಕೊಳ್ಳುತ್ತಿದ್ದ, ಈಗ ನನ್ನ ಗಡಿಯಾರದ ಲೆಕ್ಕದಲ್ಲಿ ಎರಡು ನಿಮಿಷ. ಕ್ಯೂಆರ್ ಚೀಟಿ ಅಂಟಿಸು ಎಂದಿದ್ದ ಮಿತ್ರರಲ್ಲಿ ಇಬ್ಬರು ಖುದ್ದಾಗಿ ಬಂದು ನೋಡಿಕೊಂಡು ಹೋಗಿದ್ದಾರೆ. ಅವರ ಗೌರವಕ್ಕೆಂದು ಒಂದು ಮಾತು ಸೇರಿಸಬೇಕು: ಪ್ರತಿ ಸಾಲಿನ ತಲೆಯಲ್ಲಿ ಒಂದು ಕ್ಯೂಆರ್ ಚೀಟಿ ಇದೆ, ಅದನ್ನು ಸ್ಕ್ಯಾನ್ ಮಾಡಿದ ಮೇಲೆಯೇ ಆ್ಯಪ್ ಆ ಸಾಲಿನ ಆ್ಯಂಕರ್‌ಗಳನ್ನು ಮಾತ್ರ ಹುಡುಕುತ್ತದೆ.

ಮಾಲೀಕರ ಎರಡನೆಯ ಗೋದಾಮಿನ ಕೆಲಸವೂ ನನಗೇ ಬಂದಿದೆ. ಅಲ್ಲಿ ಒಳಗೆ ಕಂಬಗಳೇ ಇಲ್ಲ, ಒಂದೇ ಚಾಚಿನ ಉಕ್ಕಿನ ಶೆಡ್. ನೆಲಕ್ಕೆ ಚಿತ್ರ ಬರೆಸೋಣವೆಂದು ಬಣ್ಣದ ಅಂದಾಜು ಪಟ್ಟಿಯನ್ನು ಹೋದ ವಾರ ಕೊಟ್ಟು ಬಂದಿದ್ದೇನೆ. ಫೋರ್ಕ್‌ಲಿಫ್ಟಿನ ಚಕ್ರಕ್ಕೆ ಆ ಬಣ್ಣ ಎಷ್ಟು ದಿನ ತಾಳುತ್ತದೆ ಎಂದು ಅವರು ಕೇಳಿದ್ದಾರೆ, ಎರಡು ಚದರ ಮೀಟರ್ ಬಳಿಸಿ ನೋಡುತ್ತಿದ್ದೇನೆ.