7ರಿಂದ 2.4 ಕಳೆದು 5.4 ಎಂದು ಬರೆಯುವ ಮಕ್ಕಳಿಗೆ

ದಶಮಾಂಶ ಅಂದ ಕೂಡಲೇ ನಮ್ಮ ಮೇಷ್ಟ್ರುಗಳಲ್ಲಿ ಹೆಚ್ಚಿನವರು ರೂಪಾಯಿ-ಪೈಸೆಯಿಂದ ಶುರುಮಾಡುತ್ತಾರೆ. ನಾನು ಮಾಡುವುದಿಲ್ಲ. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂದಾಗ ಆ ಉದಾಹರಣೆಗೆ ಜೀವವಿತ್ತು. 2011ರ ಜೂನ್ ಕೊನೆಗೆ 25 ಪೈಸೆಯೂ ಚಲಾವಣೆಯಿಂದ ಹೋಯಿತು. ಈಗ ಆರನೇ ತರಗತಿಯಲ್ಲಿ ಕೂತಿರುವ ಮಗುವಿಗೆ ಪೈಸೆ ಅನ್ನುವುದು ಪುಸ್ತಕದ ಮಾತು. ಇನ್ನೂ ದೊಡ್ಡ ತೊಂದರೆ ಅಂದರೆ, ರೂಪಾಯಿ ಲೆಕ್ಕದಲ್ಲಿ ಚುಕ್ಕೆಯ ಆಚೆ ಯಾವಾಗಲೂ ಎರಡೇ ಅಂಕಿ. ಅದನ್ನೇ ನಂಬಿಕೊಂಡ ಮಗು 5.4 ಕಂಡರೆ ಐದು ರೂಪಾಯಿ ನಾಲ್ಕು ಪೈಸೆ ಅನ್ನುತ್ತದೆ.

ಹಾಸನ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಕಲಿಕೆಯ ತೊಡಕಿರುವ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ನನ್ನ ಕೆಲಸ. ಅವರಲ್ಲಿ ಕೆಲವರಿಗೆ ಡಿಸ್‌ಕ್ಯಾಲ್ಕುಲಿಯಾ, ಅಂದರೆ ಅಂಕಿ-ಲೆಕ್ಕವೇ ತಲೆಗೆ ಹತ್ತದ ತೊಡಕು, ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳ ಜೊತೆ ಹೆಸರಿಸಿದೆ. ನ್ಯೂನತೆಯ ಪ್ರಮಾಣಪತ್ರಕ್ಕೆ ಓಡಾಡಿ, ಬೇಡವೆನ್ನುವುದಿಲ್ಲ. ಆದರೆ ಅದು ಕೈಗೆ ಬರುವವರೆಗೆ ಪಾಠ ನಿಲ್ಲಿಸಬೇಡಿ.

ಮೊದಲು ತೊಡಕು ಎಲ್ಲಿದೆ ಅಂತ ನೋಡಿ. ಒಂದು ಚೀಟಿಯಲ್ಲಿ ಮೂರೇ ಪ್ರಶ್ನೆ ಕೊಡಿ: 502 − 137 ಎಷ್ಟು? 4.15 ಮತ್ತು 4.3ರಲ್ಲಿ ಯಾವುದು ದೊಡ್ಡದು? 5.3 − 2.18 ಎಷ್ಟು? ಮೊದಲನೆಯದೇ ತಪ್ಪಿದರೆ ದಶಮಾಂಶ ಪಕ್ಕಕ್ಕಿಡಿ, ಬಿಡಿ-ಹತ್ತು-ನೂರಕ್ಕೆ ವಾಪಸ್ಸು ಹೋಗಿ. ಎರಡನೆಯದಕ್ಕೆ 4.15 ಅಂದರೆ, ಮಗು ಚುಕ್ಕೆಯ ಆಚೆಯ ಹದಿನೈದನ್ನು ಮೂರರ ಜೊತೆ ತೂಗುತ್ತಿದೆ. ಮೂರನೆಯದಕ್ಕೆ 3.28 ಬಂದಿದ್ದರೆ ಖುಷಿಪಡಿ, ಆ ಮಗು ಚುಕ್ಕೆಯ ಕೆಳಗೆ ಚುಕ್ಕೆ ಸರಿಯಾಗೇ ಇಟ್ಟಿದೆ. 8ರ ಮೇಲೆ ಏನೂ ಇಲ್ಲ ಅಂತ ಅದನ್ನು ಹಾಗೇ ಕೆಳಗಿಳಿಸಿದೆ, ಅಷ್ಟೆ. ತಪ್ಪು ಉತ್ತರಕ್ಕೆ ಕೆಂಪು ಗೀಟು ಹಾಕುವ ಮುಂಚೆ ‘ಇದು ಹೇಗೆ ಬಂತು ಹೇಳು ಪುಟ್ಟಾ’ ಅಂತ ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಸಾಮಾನಿಗೆ ಖರ್ಚಿಲ್ಲ. ಗ್ರಾಫ್ ಹಾಳೆಯಿಂದ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲದ ಚೌಕ ಕತ್ತರಿಸಿ ರಟ್ಟಿಗೆ ಅಂಟಿಸಿ. ಅದು 1. ಅದರಲ್ಲಿ ಒಂದು ಸೆಂಟಿಮೀಟರ್ ಅಗಲದ ಪಟ್ಟಿ 0.1. ಪಟ್ಟಿಯನ್ನು ಹತ್ತು ಮಾಡಿದರೆ ಸಿಗುವ ಚಿಕ್ಕ ಚೌಕ 0.01. ಒಂದು ಮಗುವಿಗೆ ಎಂಟು ದೊಡ್ಡ ಚೌಕ, ಇಪ್ಪತ್ತು ಪಟ್ಟಿ, ಇಪ್ಪತ್ತು ಚಿಕ್ಕ ಚೌಕ ಸಾಕು. ಪಟ್ಟಿ ಕತ್ತರಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ. ಒಂದನ್ನು ಹತ್ತು ಮಾಡುವುದು ಕತ್ತರಿ ಹಿಡಿದ ಕೈಗೆ ಮೊದಲು ತಿಳಿಯುತ್ತದೆ.

ಈಗ 7 − 2.4. ಏಳು ಚೌಕ ಇಡಿಸಿ. ಮೊದಲು ಎರಡು ಚೌಕ ತೆಗೆಯಲಿ. ಇನ್ನು ನಾಲ್ಕು ಪಟ್ಟಿ ಕೊಡಬೇಕು, ಪಟ್ಟಿ ಒಂದೂ ಇಲ್ಲ. ಇಲ್ಲಿ ಸುಮ್ಮನಿರಿ, ಉಪಾಯ ಮಗುವೇ ಹೇಳಲಿ. ‘ಮಿಸ್, ಒಂದು ಚೌಕ ಕೊಡ್ತೀನಿ, ಪಟ್ಟಿ ಕೊಡಿ’ ಅನ್ನುವ ಮಾತು ಬಂದೇ ಬರುತ್ತದೆ, ಕೆಲವರಿಂದ ಮೂರನೇ ದಿನ. ಒಂದು ಚೌಕ ಇಸಕೊಂಡು ಹತ್ತು ಪಟ್ಟಿ ಎಣಿಸಿ ಕೊಡಿ. ನಾಲ್ಕು ಪಟ್ಟಿ ಹೋದರೆ ಉಳಿದದ್ದು ನಾಲ್ಕು ಚೌಕ, ಆರು ಪಟ್ಟಿ. 4.6. ‘ಪಕ್ಕದ ಮನೆಯಿಂದ ಸಾಲ’ ಅನ್ನುವ ಹಳೇ ಪಾಠದ ಅಗತ್ಯವೇ ಬೀಳುವುದಿಲ್ಲ.

ಓದುವ ರೀತಿ ಮುಖ್ಯ. 4.15ನ್ನು ‘ನಾಲ್ಕು ಪಾಯಿಂಟ್ ಹದಿನೈದು’ ಅಂತ ಯಾರೂ ಅನ್ನಬಾರದು, ತರಗತಿಯ ಟೀಚರ್ ಕೂಡ. ನಾಲ್ಕು ಪಾಯಿಂಟ್ ಒಂದು ಐದು. ಅಥವಾ ನಾಲ್ಕು ಚೌಕ, ಒಂದು ಪಟ್ಟಿ, ಐದು ಚಿಕ್ಕ ಚೌಕ.

ಚೌಕ-ಪಟ್ಟಿ ಬಿಟ್ಟು ನೇರ ಪುಸ್ತಕಕ್ಕೆ ಜಿಗಿಯಬೇಡಿ. ನಡುವೆ ಒಂದೆರಡು ವಾರ ಚಿತ್ರ ಬರೆಯಲಿ: ಚೌಕಕ್ಕೆ ಚೌಕ, ಪಟ್ಟಿಗೆ ಒಂದು ಗೀಟು, ಚಿಕ್ಕದಕ್ಕೆ ಚುಕ್ಕಿ. ಬದಲಾಯಿಸಿದ್ದಕ್ಕೆ ಅಡ್ಡ ಗೀಟು ಎಳೆದು ಪಕ್ಕದಲ್ಲಿ ಹತ್ತು ಬರೆಯಲಿ. ಆಮೇಲೆ ಅಂಕಿ. ಗೆರೆ ಹಾಕಿದ ಮಾಮೂಲಿ ನೋಟ್‌ಬುಕ್ಕನ್ನು ಅಡ್ಡ ತಿರುಗಿಸಿದರೆ ಗೆರೆಗಳೇ ಕಂಬಸಾಲುಗಳಾಗುತ್ತವೆ. ಒಂದು ಸಾಲಿಗೆ ಒಂದೇ ಅಂಕಿ, ಚುಕ್ಕೆಗೂ ಅದರದೇ ಸಾಲು. ಲೆಕ್ಕ ಬರೆಯುವ ಮೊದಲೇ ಚುಕ್ಕೆಗಳನ್ನು ಕೆಂಪು ಪೆನ್ನಲ್ಲಿ ಒಂದರ ಕೆಳಗೊಂದು ಇಟ್ಟುಬಿಡಲಿ. ಖಾಲಿ ಜಾಗಕ್ಕೆ ಸೊನ್ನೆ: 5.3 ಅಂದರೆ 5.30. ಮೂರು ಪಟ್ಟಿ ಇದೆ, ಚಿಕ್ಕ ಚೌಕ ಇಲ್ಲ ಅಂತ ಬಾಯಲ್ಲಿ ಹೇಳಿಯೇ ಸೊನ್ನೆ ಹಾಕಲಿ. ಆಗ 5.3 − 2.18ಕ್ಕೆ 3.12 ತಾನಾಗಿ ಬರುತ್ತದೆ.

ಲೆಕ್ಕಗಳ ಸರದಿ ನಾನು ಇಡುವುದು ಹೀಗೆ: 4.8 − 2.3, ಆಮೇಲೆ 4.2 − 1.7, 4.25 − 1.13, 5.3 − 2.18, 7 − 2.4, 6 − 2.37. ಎಲ್ಲದರ ಕೊನೆಗೆ 6.05 − 2.37, ನಡುವೆ ಸೊನ್ನೆ ಇರುವುದರಿಂದ. ಒಂದು ಮೆಟ್ಟಿಲಲ್ಲಿ ಐದಕ್ಕೆ ನಾಲ್ಕು ಸರಿಯಾದರೆ ಮುಂದಕ್ಕೆ. ದಿನಕ್ಕೆ ಐದೇ ಲೆಕ್ಕ, ಚೀಟಿಯಲ್ಲಿ ಬರೆದೇ ಕೊಡಿ. ಬೋರ್ಡ್ ನೋಡಿ ನಕಲು ಮಾಡುವುದೇ ಕೆಲವರಿಗೆ ದೊಡ್ಡ ಕಷ್ಟ, 6 ಹೋಗಿ 9 ಆಗಿರುತ್ತದೆ. ಗಡಿಯಾರ ಬೇಡ. 20ರವರೆಗಿನ ಕಳೆಯುವ ಕೋಷ್ಟಕ ಬೆಂಚಿನ ಮೇಲೆ ಅಂಟಿಸಿದ್ದರೆ ಅದು ಕಾಪಿ ಅಲ್ಲ. 13ರಿಂದ 7 ಹೋದರೆ ಎಷ್ಟು ಅಂತ ಬೆರಳು ಮಡಿಚುವಷ್ಟರಲ್ಲಿ ತಾನು ಯಾವ ಸಾಲಲ್ಲಿದ್ದೆ ಅನ್ನುವುದೇ ಮಗುವಿಗೆ ಮರೆತುಹೋಗುತ್ತದೆ.

ಇಷ್ಟಾದರೂ 6 − 2.37ರಲ್ಲಿ ಸೊನ್ನೆ ಹತ್ತಾಗಿ, ಹತ್ತು ಒಂಬತ್ತಾಗುವ ಕಡೆ ಸಿಕ್ಕಿಕೊಳ್ಳುವವರು ಇರುತ್ತಾರೆ. ಅವರಿಗೆ ಎರಡು ಬೇರೆ ದಾರಿ ಇವೆ. ಒಂದು, ಮುಂದಕ್ಕೆ ಎಣಿಸುವುದು: 2.37ಕ್ಕೆ 0.03 ಸೇರಿಸಿದರೆ 2.4, ಅದಕ್ಕೆ 0.6 ಸೇರಿಸಿದರೆ 3, ಇನ್ನು 3 ಸೇರಿಸಿದರೆ 6. ಸೇರಿಸಿದ್ದೆಲ್ಲ ಕೂಡಿದರೆ 3.63. ಗೆರೆ ಎಳೆದು ಜಿಗಿತ ತೋರಿಸಿ. ಇನ್ನೊಂದು ನನಗೆ ಹೆಚ್ಚು ಇಷ್ಟ: ಎರಡರಿಂದಲೂ 0.01 ತೆಗೆದುಬಿಡಿ. 5.99 − 2.36. ಅಂತರ ಅಷ್ಟೇ, ಬದಲಾಯಿಸುವ ಗೋಜೇ ಇಲ್ಲ. ‘ಪುಸ್ತಕದ ವಿಧಾನ ಅಲ್ಲ’ ಅಂತ ಮುಖ ಸಿಂಡರಿಸುವ ಪರಿವೀಕ್ಷಕರಿಗೆ ಉತ್ತರ ಸರಿಯಿದೆಯಾ ನೋಡಿ ಸಾರ್ ಅನ್ನಿ.

ನಮ್ಮ ಕಡೆ ದಶಮಾಂಶ ಜೀವಂತ ಇರುವುದು ಹಾಲಿನ ಡೈರಿಯಲ್ಲಿ. ಹಸು ಸಾಕಿದ ಮನೆಯ ಮಗುವಿಗೆ ಹಾಲಿನ ಫ್ಯಾಟ್ (ಕೊಬ್ಬಿನಂಶ) 4.2 ಇದ್ದದ್ದು 3.8ಕ್ಕೆ ಬಿದ್ದರೆ ಏನಾಗುತ್ತದೆ ಅಂತ ನಾವು ಹೇಳಬೇಕಿಲ್ಲ, ರೇಟು ಇಳಿಯುತ್ತದೆ ಅಂತ ಅದೇ ಹೇಳುತ್ತದೆ. ಎಷ್ಟು ಇಳಿಯಿತು ಅಂದರೆ 0.4, ಅದೂ ಬಾಯಲ್ಲೇ. ಕ್ಲಾಸಲ್ಲಿ ಮೂಲೆ ಹಿಡಿದು ಕೂತ ಏಳನೇ ತರಗತಿಯ ಹುಡುಗ ಮನೆಯ ಹಾಲಿನ ಚೀಟಿ ತಂದು ಇಡೀ ವಾರದ ಏರಿಳಿತ ಲೆಕ್ಕ ಹಾಕಿದ್ದನ್ನು ನೋಡಿದ್ದೇನೆ. ಹಸು ಇಲ್ಲದವರಿಗೆ ಉದ್ದಜಿಗಿತ: ಒಬ್ಬ 3.4 ಮೀಟರ್, ಇನ್ನೊಬ್ಬಳು 2.85. ಲೆಕ್ಕದಲ್ಲಿ 0.55 ಬಂದರೆ ಮರಳಿನ ಮೇಲೆ ಟೇಪ್ ಹಿಡಿದು 55 ಸೆಂಟಿಮೀಟರ್ ಇದೆಯಾ ಅಂತ ನೋಡಲಿ.

ಬರೆಯುವ ಮುಂಚೆ ಅಂದಾಜು ಕೇಳುವುದನ್ನು ಬಿಡಬೇಡಿ. ‘7ರಿಂದ 2ಕ್ಕಿಂತ ಜಾಸ್ತಿ ಹೋಗ್ತಿದೆ, ಹಾಗಾದ್ರೆ 5ಕ್ಕಿಂತ ಜಾಸ್ತಿ ಉಳಿಯುತ್ತಾ?’ ಇಷ್ಟು ಕೇಳಿದರೆ 5.4 ಬರೆದ ಮಗು ತಾನೇ ರಬ್ಬರ್ ಹುಡುಕುತ್ತದೆ. ಮನೆಗೆ ಕಳಿಸುವ ಚೀಟಿಯ ಮೇಲೂ ಇದನ್ನೇ ಬರೆಯಿರಿ: ‘ಅಂದಾಜು ಮಾತ್ರ ಕೇಳಿ, ಲೆಕ್ಕ ನೀವು ಮಾಡಿಕೊಡಬೇಡಿ.’ ಓದು ಬಾರದ ಅಮ್ಮಂದಿರೂ ಈ ಕೆಲಸ ಚೆನ್ನಾಗಿ ಮಾಡುತ್ತಾರೆ.