ಬ್ಲೂ ರಿಡ್ಜ್ ಬೆಟ್ಟದಲ್ಲಿ ಎಲೆ ನೋಡೋಕೆ ಯಾವಾಗ ಹೋಗ್ಬೇಕು, ಎಲ್ಲಿಗೆ ಹೋಗ್ಬೇಕು

ಸೆಪ್ಟೆಂಬರ್ ಬಂತು ಅಂದ್ರೆ ಸಾಕು, ನಮ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ, "ಫಾಲ್ ಕಲರ್ಸ್ ಪೀಕ್ ಯಾವ ವೀಕೆಂಡು?" ಅಂದ್ರೆ ಎಲೆ ಉದುರೋ ಮುಂಚೆ ಕೆಂಪು, ಹಳದಿ ಬಣ್ಣ ಜೋರಾಗಿರೋದು ಯಾವಾಗ ಅಂತ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್ಟಿಗೆ ಬಂದಾಗಿಂದ ಇದಕ್ಕೆ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿದೆ, ಅದಕ್ಕೆ ಒಂದ್ಸಲ ಉದ್ದಕ್ಕೆ ಬರೆದಿಡ್ತೀನಿ.

ತಾರೀಕು ಆಮೇಲೆ ಕೇಳಿ, ಮೊದ್ಲು ನೀವು ಹೋಗೋ ಜಾಗ ಎಷ್ಟು ಎತ್ತರದಲ್ಲಿದೆ ಅಂತ ನೋಡಿ. ಇದು ಗೊತ್ತಿಲ್ದೆ ಮೊದಲನೇ ವರ್ಷ ನಾನು ಚೆನ್ನಾಗಿ ಬೇಸ್ತು ಬಿದ್ದೆ. ಎಲ್ಲೋ "ಅಕ್ಟೋಬರ್ ಮೊದಲ ವಾರ ಪೀಕ್" ಅಂತ ಓದಿ ಬೆಟ್ಟದ ನಡುವಿನ ಊರು ಆಶ್‌ವಿಲ್ಲಲ್ಲಿ ಹೋಟೆಲ್ ಬುಕ್ ಮಾಡಿ, ಊರಿಂದ ಬಂದಿದ್ದ ಅಪ್ಪ ಅಮ್ಮನ್ನ ಕರ್ಕೊಂಡು ಹೋದ್ರೆ ಎಲ್ಲಾ ಕಡೆ ಹಸಿರೋ ಹಸಿರು. ಅಪ್ಪ ಕಿಟಕಿಯಿಂದ ನೋಡಿ "ಚೆನ್ನಾಗಿದೆ ಕಣೋ, ಸಕಲೇಶಪುರದ ಥರ ಇದೆ" ಅಂದ್ರು, ಎರಡು ರಾತ್ರಿ ಹೋಟೆಲ್ ದುಡ್ಡು ಕೊಟ್ಟು ಸಕಲೇಶಪುರ ನೋಡ್ದಂಗಾಯ್ತು. ಅದೇ ದಿನ ಅಲ್ಲಿಂದ ಮುಕ್ಕಾಲು ಗಂಟೆ ಮೇಲಕ್ಕೆ ಹೋಗಿದ್ರೆ ಬೆಟ್ಟ ಕೆಂಪಗೆ ಕಾಯ್ತಾ ಕೂತಿತ್ತು ಅಂತ ಗೊತ್ತಾಗಿದ್ದು ವಾಪಸ್ ಬಂದ್ಮೇಲೆ.

ಬಣ್ಣ ಇಲ್ಲಿ ಮೇಲಿಂದ ಕೆಳಕ್ಕೆ ಇಳಿಯುತ್ತೆ. ಆಶ್‌ವಿಲ್ ಇರೋದು ಸುಮಾರು 2,100 ಅಡಿ, ಬೆಟ್ಟದ ಮೇಲೇ ಸಾಗೋ ರೋಡು ಬ್ಲೂ ರಿಡ್ಜ್ ಪಾರ್ಕ್‌ವೇಯ ಅತಿ ಎತ್ತರದ ಜಾಗ ರಿಚ್‌ಲ್ಯಾಂಡ್ ಬಾಲ್ಸಮ್ 6,053 ಅಡಿ. ಸಾವಿರ ಅಡಿ ಹತ್ತಿದ್ರೆ ಮೂರ್ನಾಕು ಡಿಗ್ರಿ ಫ್ಯಾರನ್‌ಹೀಟ್ ಕಮ್ಮಿ ಆಗುತ್ತೆ ಅಂತ ಇಟ್ಕೊಳಿ, ಅಲ್ಲಿಗೆ ಮೇಲಿನ ಮರಕ್ಕೆ ಚಳಿ ಎಷ್ಟೋ ವಾರ ಮೊದಲೇ ಬಂದಿರುತ್ತೆ. ಹಾಗಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರ ದಾಟೋವರೆಗೂ ಎಲ್ಲೋ ಒಂದು ಎತ್ತರದಲ್ಲಿ ಬಣ್ಣ ಇದ್ದೇ ಇರುತ್ತೆ. ಹೋದ ಜಾಗದಲ್ಲಿ ಇನ್ನೂ ಹಸಿರಿದ್ರೆ ಮೇಲಕ್ಕೆ ಹೋಗಿ, ಎಲೆ ಎಲ್ಲಾ ಉದುರಿ ಕಡ್ಡಿ ಮಾತ್ರ ನಿಂತಿದ್ರೆ ಕೆಳಕ್ಕೆ ಇಳೀರಿ, ಅಷ್ಟೇ ಗುಟ್ಟು.

ಅಕ್ಟೋಬರ್ ಶುರುವಲ್ಲಿ ಹೋಗೋರಿಗೆ ನನ್ ಫೇವರಿಟ್ ಗ್ರೇವ್‌ಯಾರ್ಡ್ ಫೀಲ್ಡ್ಸ್, ಪಾರ್ಕ್‌ವೇಯ ಮೈಲ್‌ಪೋಸ್ಟ್ (ಮೈಲಿಗಲ್ಲು) 418.8. 5,000 ಅಡಿ ಮೇಲಿರೋ ಬಯಲು, 1925ರಲ್ಲಿ ದೊಡ್ಡ ಕಾಡ್ಗಿಚ್ಚು ಬಿದ್ದು ಸುಟ್ಟು ಹೋಗಿತ್ತು, ಇವತ್ತಿಗೂ ಅಲ್ಲಿ ದೊಡ್ಡ ಮರ ಕಮ್ಮಿ, ಬ್ಲೂಬೆರಿ ಪೊದೆಗಳೇ ಜಾಸ್ತಿ. ಆ ಪೊದೆಗಳು ಕೆಂಪಾದ್ರೆ ನೆಲಕ್ಕೇ ಕುಂಕುಮ ಚೆಲ್ಲಿದಂಗೆ ಕಾಣುತ್ತೆ. (ಹೆಸರಿನ ಅರ್ಥ ಅಪ್ಪಂಗೆ ಹೇಳಿಬಿಟ್ಟೆ, ನವರಾತ್ರಿಲಿ ಸ್ಮಶಾನಕ್ಕೆ ಯಾಕೋ ಅಂತ ಗೊಣಗಿದ್ರು. ನಿಮ್ಮನೇಲಿ ಹೇಳ್ಬೇಡಿ.) ಜಲಪಾತ ನೋಡೋಕೆ ಮೆಟ್ಟಿಲು ಇಳೀಬೇಕು, ಮಂಡಿ ನೋವಿದ್ದೋರು ಮೇಲಿಂದ್ಲೇ ಬಯಲು ನೋಡ್ಕೊಂಡು ಕೂತ್ರೂ ನಷ್ಟ ಇಲ್ಲ.

ಇಲ್ಲೊಂದು ಬಲೆ ಇದೆ. "ಎತ್ತರ ಹೋದಷ್ಟೂ ಒಳ್ಳೇದಲ್ವಾ" ಅಂತ ಕೆಲವರು ಸೀದಾ ಮೌಂಟ್ ಮಿಚೆಲ್ ತುದಿಗೆ ಹೋಗ್ತಾರೆ, 6,684 ಅಡಿ, ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಆದ್ರೆ ಆ ತುದೀಲಿ ಇರೋದು ಸ್ಪ್ರೂಸ್, ಫರ್ ಮರಗಳು, ಅವು ವರ್ಷಪೂರ್ತಿ ಹಸಿರು. ಅಲ್ಲಿಂದ ಕೆಳಗಿನ ಕಣಿವೆ ಬಣ್ಣ ನೋಡ್ಬೋದು, ತಲೆ ಮೇಲೆ ಕೆಂಪೆಲೆ ಬೇಕು ಅಂದ್ರೆ ಸಿಗಲ್ಲ.

ಅಕ್ಟೋಬರ್ ಮಧ್ಯಕ್ಕೆ ಬ್ಲೋಯಿಂಗ್ ರಾಕ್ ಅನ್ನೋ ಊರಿನ ಸುತ್ತ. ಮನೇಲಿ ವಯಸ್ಸಾದೋರು, ಸ್ಟ್ರೋಲರ್ ಮಗು ಇದ್ರೆ ಕಣ್ಮುಚ್ಕೊಂಡು ಮೋಸೆಸ್ ಕೋನ್ ಎಸ್ಟೇಟಿಗೆ ಹೋಗಿ, ಮೈಲ್‌ಪೋಸ್ಟ್ 294. ಹಿಂದೆ ಸಾರೋಟು ಓಡಾಡ್ತಿದ್ದ ಅಗಲ ದಾರಿಗಳು, ಬಾಸ್ ಲೇಕ್ ಸುತ್ತಾ ಸಮತಟ್ಟಾಗಿ ನಡೀಬಹುದು, ಶುಗರ್ ಮೇಪಲ್ ಮರಗಳು ಕಿತ್ತಳೆ ಬಣ್ಣಕ್ಕೆ ತಿರುಗಿರ್ತವೆ, ನೀರಲ್ಲಿ ಇನ್ನೊಂದು ಸಲ ಕಾಣ್ತವೆ. ಕಾಲು ಗಟ್ಟಿ ಇದ್ದೋರು 302.8ರಲ್ಲಿ ರಫ್ ರಿಡ್ಜ್ ಹತ್ತಿ, ಮೇಲೆ ಮರದ ಹಲಗೆ ದಾರಿ ಮೇಲೆ ನಿಂತ್ರೆ ಲಿನ್ ಕೋವ್ ವಯಡಕ್ಟ್ ಕಾಣುತ್ತೆ. ಗ್ರ್ಯಾಂಡ್‌ಫಾದರ್ ಮೌಂಟನ್‌ನ ಮೈ ಕಡೀಬಾರ್ದು ಅಂತ ಬೆಟ್ಟದ ಪಕ್ಕದಲ್ಲಿ ತೇಲೋ ಹಾಗೆ ಕಟ್ಟಿರೋ ಸೇತುವೆ ಅದು, 1983ರಲ್ಲಿ ಮುಗೀತು. ಪಾರ್ಕಿಂಗ್ ಜಾಗ ಮಾತ್ರ ಪುಟ್ಟದು, ವೀಕೆಂಡ್ ಆದ್ರೆ ಬೆಳಗ್ಗೆ ಎಂಟರೊಳಗೆ ಇರಿ, ಹತ್ತಕ್ಕೆ ಹೋಗಿ ನನ್ನ ಬೈಕೋಬೇಡಿ.

ಅಕ್ಟೋಬರ್ ಕೊನೇಲಿ ಆಶ್‌ವಿಲ್ ಸುತ್ತ, ಆಮೇಲೆ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕಿನ ಕೇಡ್ಸ್ ಕೋವ್ ಕಡೆ. ನವೆಂಬರ್ ಶುರುವಿಗೆ ಚಿಮ್ನಿ ರಾಕ್, ಲೇಕ್ ಲೂರ್ ಭಾಗ, ಅದು ತಗ್ಗು.

ಕೆಂಪು ಯಾವ ವರ್ಷ ಜೋರು ಅನ್ನೋದು ಹವಾಮಾನದ ಮೇಲಿದೆ. ಹಗಲು ಚಿಕ್ಕದಾಗ್ತಾ ಹೋದಂಗೆ ಎಲೆಯೊಳಗಿನ ಹಸಿರು ಒಡೆದು ಹೋಗುತ್ತೆ, ಆಗ ಒಳಗೆ ಮೊದಲಿಂದ್ಲೂ ಅಡಗಿದ್ದ ಹಳದಿ ಹೊರಗೆ ಬರುತ್ತೆ, ಕೆಂಪು ಹಾಗಲ್ಲ, ಅದನ್ನ ಎಲೆ ಆವಾಗ್ಲೇ ಸಕ್ಕರೆಯಿಂದ ಹೊಸದಾಗಿ ಮಾಡ್ಕೊಳ್ಳುತ್ತೆ. ಹಗಲು ಚುರುಕ್ ಬಿಸಿಲು, ರಾತ್ರಿ ಹಿಮ ಬೀಳದಷ್ಟು ತಣ್ಣಗೆ, ಹಿಂಗೆ ಒಂದು ವಾರ ಸಿಕ್ರೆ ಕೆಂಪು ಕಣ್ಣಿಗೆ ಹೊಡೆಯುತ್ತೆ. ಆಂಥೋಸಯನಿನ್ ಅಂತಾರೆ ಅದಕ್ಕೆ, ನಮ್ ಮಾವಿನ ಚಿಗುರು ಕೆಂದಳಿರಾಗಿ ಕಾಣೋದೂ ಇದೇ ಬಣ್ಣದಿಂದ. ಅಂದ್ರೆ ನಮ್ಮೂರಲ್ಲಿ ಹುಟ್ಟೋವಾಗ ಕೆಂಪು, ಇಲ್ಲಿ ಉದುರೋವಾಗ ಕೆಂಪು. ಮೋಡ, ಮಳೆ ಹಿಡ್ಕೊಂಡ್ರೆ ಬಣ್ಣ ಮಂಕು, ಜೋರು ಗಾಳಿ ಬಂದ್ರೆ ಒಂದೇ ರಾತ್ರೀಲಿ ಕಥೆ ಮುಗೀತು. ಅದಕ್ಕೇ ನಾನು ಎರಡು ತಿಂಗಳು ಮುಂಚೆ ರೂಮು ಬುಕ್ ಮಾಡೋವಾಗ, ಆಮೇಲೆ ಕ್ಯಾನ್ಸಲ್ ಮಾಡೋಕಾಗೋದನ್ನ ಮಾತ್ರ ಮಾಡೋದು.

ದಸರಾ ಲೆಕ್ಕನೂ ಇದರಲ್ಲಿ ಬರುತ್ತೆ. ಹಬ್ಬ ಅಕ್ಟೋಬರ್ ಶುರುವಿಗೆ ಬಿದ್ರೆ ಗೊಂಬೆ ಎಲ್ಲಾ ಎತ್ತಿಟ್ಟು ಆರಾಮಾಗಿ ಬ್ಲೋಯಿಂಗ್ ರಾಕ್ ಕಡೆ ಹೋಗ್ಬೋದು, ಮೂರನೇ ವಾರಕ್ಕೆ ಬಿದ್ರೆ ಮೂರು ಮನೆ ಅರಿಶಿನ ಕುಂಕುಮದ ಕರೆ, ಕನ್ನಡ ಕೂಟದ ಪ್ರೋಗ್ರಾಮು, ಮೇಲೆ ಎಲೆ, ಎಲ್ಲಾ ಒಂದೇ ಶನಿವಾರ. ಆಗ ಒಂದು ವಾರದ ದಿನ ರಜೆ ಹಾಕಿ, ಟ್ರಾಫಿಕ್ಕೂ ಅರ್ಧಕ್ಕರ್ಧ ಕಮ್ಮಿ.

ಹೊರಡೋ ಮುಂಚೆ ಪಾರ್ಕ್‌ವೇ ರೋಡು ಓಪನ್ ಇದ್ಯಾ ಅಂತ ನ್ಯಾಷನಲ್ ಪಾರ್ಕ್ ಸರ್ವಿಸ್ ಸೈಟಲ್ಲಿ ಕಡ್ಡಾಯ ನೋಡಿ. 2024 ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತ ನಾರ್ತ್ ಕ್ಯಾರೊಲಿನಾ ಭಾಗದಲ್ಲಿ ರೋಡನ್ನ ಎಲ್ಲೆಲ್ಲೋ ಕಿತ್ತು ಹಾಕ್ತು, ರಿಪೇರಿಗೆ ಅಂತ ಕೆಲವು ಕಡೆ ಮುಚ್ಚಿರ್ತಾರೆ, ಗೂಗಲ್ ಮ್ಯಾಪನ್ನೇ ನಂಬ್ಕೊಂಡು ಹೋಗಿ ಗೇಟ್ ಮುಂದೆ ನಿಂತ್ರೆ ಸುತ್ತು ಹಾಕಿ ಬರೋಕೆ ಗಂಟೆಗಟ್ಲೆ ಬೇಕು. 469 ಮೈಲಿ ಉದ್ದದ ಆ ರೋಡಲ್ಲಿ ಒಂದೂ ಪೆಟ್ರೋಲ್ ಬಂಕ್ ಇಲ್ಲ, ಕೆಳಗೇ ಟ್ಯಾಂಕ್ ತುಂಬಿಸ್ಕೊಳಿ. ಸ್ಪೀಡು 45 ಮೈಲಿ ಮೀರಂಗಿಲ್ಲ, ಬಹಳ ಕಡೆ ಅಷ್ಟೂ ಓಡ್ಸೋಕಾಗಲ್ಲ, ಹಾಗಾಗಿ ನೂರು ಮೈಲಿ ಅಂದ್ರೆ ಎರಡು ಗಂಟೆ ಅಂತ ಷಾರ್ಲೆಟ್ ಹೈವೇ ಲೆಕ್ಕ ಹಾಕ್ಬೇಡಿ. ತಿರುವು ಜಾಸ್ತಿ, ಹಿಂದಿನ ಸೀಟಲ್ಲಿ ವಾಂತಿ ಗ್ಯಾರಂಟಿ, ನಿಂಬೆಹಣ್ಣು, ಕವರು ಇರ್ಲಿ. ಪಾರ್ಕ್‌ವೇಗೆ ಟಿಕೆಟ್ ಇಲ್ಲ. ಸ್ಮೋಕೀಸ್‌ಗೂ ಎಂಟ್ರಿ ಫ್ರೀ, ಆದ್ರೆ 2023 ಮಾರ್ಚಿಂದ ಹದಿನೈದು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸೋದಾದ್ರೆ ಪಾರ್ಕಿಂಗ್ ಟ್ಯಾಗ್ ಬೇಕು. ಊಟಕ್ಕೆ ಪುಳಿಯೋಗರೆ, ಮೊಸರನ್ನ ಕಟ್ಕೊಂಡು ಹೋಗಿ, ಮೇಲೆ ಸಸ್ಯಾಹಾರ ಹುಡುಕ್ತಾ ಹೋದ್ರೆ ಸಿಗೋದು ಫ್ರೆಂಚ್ ಫ್ರೈಸು. ಸ್ವೆಟರು ಮರೀಬೇಡಿ, ಕೆಳಗೆ ಟೀಶರ್ಟ್ ಹವಾ ಇದ್ದಾಗ್ಲೂ ಮೇಲೆ ಹಲ್ಲು ಕಟಕಟ ಅನ್ನುತ್ತೆ.

ಫೋಟೋಗೆ ಬೆಳಗ್ಗೆ ಇಲ್ಲಾ ಇಳಿಹೊತ್ತು. ಬೇರೆ ಫೋಟೋಗಳಿಗೆ ಸೂರ್ಯನ್ನ ಬೆನ್ನಿಗೆ ಹಾಕ್ಕೊಂಡು ನಿಲ್ತೀವಲ್ಲ, ಎಲೆಗೆ ಉಲ್ಟಾ, ಸೂರ್ಯ ಎಲೆಯ ಆಚೆ ಕಡೆ ಇರ್ಬೇಕು, ಆಗ ಒಂದೊಂದು ಎಲೆನೂ ದೀಪ ಹಚ್ಚಿದಂಗೆ ಬೆಳಗುತ್ತೆ.

ಇಷ್ಟೆಲ್ಲಾ ಆಗಿಯೂ ಬೆಟ್ಟಕ್ಕೆ ಹೋಗೋಕೇ ಆಗ್ಲಿಲ್ವಾ, ನವೆಂಬರ್ ಎರಡನೇ ವಾರ ನಿಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಲಾಟ್ ನೋಡಿ, ಅಷ್ಟೊತ್ತಿಗೆ ಬಣ್ಣ ಇಳ್ಕೊಂಡು ಷಾರ್ಲೆಟ್ಟಿಗೇ ಬಂದಿರುತ್ತೆ. ನಮ್ಮನೆ ಮುಂದೆ ಒಂದು ಸ್ವೀಟ್‌ಗಮ್ ಮರ ಇದೆ, ಎಲೆ ಐದು ಮೂಲೆ ನಕ್ಷತ್ರ, ಒಂದೇ ಎಲೆಲಿ ನರದ ಪಕ್ಕ ಹಸಿರು, ಆಚೆಗೆ ಹಳದಿ, ತುದೀಲಿ ನೇರಳೆಹಣ್ಣು ತಿಂದ ನಾಲಿಗೆ ಬಣ್ಣ. ಆ ಬೇಸ್ತು ಬಿದ್ದ ವರ್ಷ ದೀಪಾವಳಿ ನವೆಂಬರಲ್ಲಿ ಬಂದಿತ್ತು, ರಂಗೋಲಿ ಪುಡಿ ಖಾಲಿ ಅಂತ ಅಮ್ಮ ಈ ಹಣ್ಣೆಲೆಗಳನ್ನೇ ಆರಿಸಿ, ಬಣ್ಣ ಬಣ್ಣ ಬೇರೆ ಮಾಡಿ ಬಾಗಿಲ ಮುಂದೆ ಸುತ್ತಕ್ಕೆ ಜೋಡಿಸಿದ್ರು. ಸಂಜೆ ದೀಪ ಇಡೋಷ್ಟರಲ್ಲಿ ಗಾಳಿಗೆ ಅರ್ಧ ಪಕ್ಕದ ಮನೆ ಲಾನಿಗೆ ಹೋಗಿತ್ತು.